ನೆಲಕ್ಕಿಳಿಸಿದ ಮುನಿಯಲ್ಲಮ್ಮ

ಮುಳಬಾಗಿಲಲ್ಲಿ ತಾಯಲೂರು ರಸ್ತೆಯ ಹಳೇ ಛತ್ರವನ್ನು ಕೋದಂಡರಾಮಪ್ಪನೆಂಬ ಸಾಹುಕಾರ ದಿಕ್ಕಿಲ್ಲದ ಮುದುಕಿಯರಿಗೆ ಬಿಟ್ಟುಕೊಟ್ಟಿದ್ದ. ಯುದ್ಧ ಶುರುವಾಗಿದ್ದ ಕಾಲ. ಅಲ್ಲಿನ ದೊಡ್ಡ ನರ್ಸು ಗಂಗರತ್ನಮ್ಮ, ಶ್ರೀನಿವಾಸಪುರದ ಕಡೆಯವಳು, ನಲವತ್ತು ದಾಟದ ವಿಧವೆ. ಆಯಾಗಳು ಯಾರೂ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ. ಅದೇ ಅವಳ ಕುತ್ತಿಗೆಗೆ ಬಂತು.

ಮಂಚದ ಮೇಲೆ ಜೀವ ಹೋದರೆ ಆ ಮಂಚದಲ್ಲಿ ಮತ್ತೆ ಯಾರೂ ಮಲಗುವುದಿಲ್ಲ. ಅದಕ್ಕೇ ಉಸಿರು ಇಳಿಯುತ್ತಿದೆ ಅನ್ನುವಾಗಲೇ ಮುದುಕಿಯನ್ನು ಮೂಲೆಯ ಬರೀ ಚಪ್ಪಡಿಗೆ ಇಳಿಸಿ, ದಕ್ಷಿಣಕ್ಕೆ ತಲೆಮಾಡಿ, ದೀಪ ಹಚ್ಚಿ, ಬಾಯಿಗೆ ತುಳಸಿ ನೀರು ಬಿಡುವರು. ಇಳಿಸಿ ಎಂದು ಹೇಳಬೇಕಾದವಳು ಗಂಗರತ್ನಮ್ಮ. ಒಂದು ಬೆಳಿಗ್ಗೆ ಮುನಿಯಲ್ಲಮ್ಮನೆಂಬ ಮುದುಕಿಯ ನಾಡಿ ಬೆರಳಿಗೆ ಸಿಗಲಿಲ್ಲ. ಕೋಲಾರದಿಂದ ಔಷಧಿಯ ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು. ಆ ಆತುರದಲ್ಲಿ ಇನ್ನೊಂದು ಸಲ ಹಿಡಿದು ನೋಡಲಿಲ್ಲ. “ಇಳಿಸ್ರಮ್ಮ” ಅಂದುಬಿಟ್ಟಳು.

ಮಧ್ಯಾಹ್ನಕ್ಕೆ ಮುನಿಯಲ್ಲಮ್ಮ ಎದ್ದು ಕೂತಳು.

ಹಗಲು ಬೆಳಕಿನಲ್ಲಿ ದೀಪ ಉರಿಯುತ್ತಲೇ ಇತ್ತು. ಯಾರೂ ಆರಿಸಲಿಲ್ಲ. ಆಯಾಗಳು ಆ ಮೂಲೆ ಬಿಟ್ಟು ಸುತ್ತಿಕೊಂಡು ಓಡಾಡಿದರು. ಉಳಿದ ಮುದುಕಿಯರು ಗೋಡೆಯ ಕಡೆ ಹೊರಳಿಕೊಂಡರು. ಮಾರನೆಯ ದಿನವೂ ಆಕೆಯ ಮುಂದೆ ತಟ್ಟೆಯಿಲ್ಲ, ಬಟ್ಟಲಿಲ್ಲ.

“ಏನ್ ಅಂಜಮ್ಮ, ಆಕೆಗೆ ಗಂಜಿ ಎಲ್ಲಿ?” ಎಂದು ಗಂಗರತ್ನಮ್ಮ ಗಂಜಿ ಹಂಚುತ್ತಿದ್ದ ಆಯಾಳನ್ನು ಕೇಳಿದಳು.

“ನೆಲಕ್ಕಿಳಿಸಿದೋರಿಗೆ ಇದೇ ಪಾತ್ರೆಯಿಂದ ಕೊಟ್ರೆ ಉಳಿದೋರು ಉಣ್ತಾರಾ ನರ್ಸಮ್ಮ? ಇಳಿಸಿ ಅಂದೋರು ನೀವೇ. ಈಗ ಎದ್ದಿರೋದು ಆಕೆನೋ, ಇನ್ಯಾರೋ.”

“ಇನ್ಯಾರೋ ಆದ್ರೂ ಹಸಿವು ಇರತ್ತೆ ಕಣೇ.”

ತಾನೇ ಬಟ್ಟಲು ಹಿಡಿದು ಹೋದಳು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಸತ್ತೋರಿಗೆ ಗಂಜಿ ಯಾಕಮ್ಮೀ? ಕಾಲು ಸರಿಸು, ಶಾಮಲಮ್ಮನ್ನ ತುಳೀತೀಯ.”

ಶಾಮಲಮ್ಮ ಹೋದ ತಿಂಗಳು ಅದೇ ಚಪ್ಪಡಿಯ ಮೇಲೆ ಪ್ರಾಣ ಬಿಟ್ಟವಳು. ಗಂಗರತ್ನಮ್ಮ ಕಾಲು ಸರಿಸಿದಳು. ಸರಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ರಮಿಸಿದಳು, ಗದರಿದಳು. ಬಲವಂತ ಮಾಡಿದರೆ ಗಂಜಿ ಗಲ್ಲದ ಮೇಲೆ ಹರಿಯಿತು. ಸಂಜೆಯಾಗುವಷ್ಟರಲ್ಲಿ ಮುದುಕಿಯ ತುಟಿ ಒಡೆದು ಕಣ್ಣು ಗುಂಡಿಗಿಳಿದವು. ಇನ್ನೊಂದು ದಿನ ಹೀಗೇ ಹೋದರೆ ಆಕೆ ಹೇಳಿದ್ದೇ ನಿಜವಾಗುತ್ತದೆ. ಇಳಿಸಿ ಅಂದ ಬಾಯಿ ತನ್ನದು. ಆಗ ಎಲ್ಲರೂ ಕೇಳಿದರು. ಈಗ ಎಬ್ಬಿಸಿ ಅಂದರೆ ಆಯಾಗಳೂ ಕೇಳರು, ಮುದುಕಿಯೂ ಕೇಳಳು.

ಗಂಗರತ್ನಮ್ಮ ಬಿಳಿ ಟೋಪಿ ತೆಗೆದಿಟ್ಟಳು. ದಕ್ಷಿಣಕ್ಕೆ ತಲೆಮಾಡಿ ಚಪ್ಪಡಿಯ ಮೇಲೆ ಮುದುಕಿಯ ಪಕ್ಕ ಮಲಗಿದಳು.

“ಬೇಡ ನರ್ಸಮ್ಮ” ಎಂದು ಬಾಗಿಲ ಕಡೆಯಿಂದ ಅಂಜಮ್ಮನ ದನಿ ಬಂತು.

ಮಾರ್ಗಶಿರದ ಚಳಿ, ಕಲ್ಲು ಕೊರೆಯಬೇಕಾಗಿತ್ತು. ಆದರೆ ಅವಳು ಮಲಗಿದಷ್ಟು ಜಾಗ ಬೆಚ್ಚಗಿತ್ತು, ಈಗತಾನೇ ಯಾರೋ ಎದ್ದುಹೋದ ಹಾಗೆ.

ಮುನಿಯಲ್ಲಮ್ಮ ಬಗ್ಗಿ ನೋಡಿದಳು. “ನೀನೂ ಬಂದ್ಬಿಟ್ಟೆಯಾ? ಪಾಪಂ, ಸಣ್ಣ ವಯಸ್ಸು.”

ಈ ಸುಳ್ಳು ಹೇಳಲೋ ಬೇಡವೋ ಎಂದು ಗಂಗರತ್ನಮ್ಮ ಹಿಂಜರಿದಳು. ಆಮೇಲೆ, “ಹೂಂ ಅವ್ವಾ, ಬಂದೆ. ಹಸಿವಾಗ್ತಿದೆ. ಒಬ್ಬಳೇ ಹೆಂಗೆ ಕುಡೀಲಿ?” ಅಂದಳು.

“ಶಾಮಲಮ್ಮ ಜಾಗ ಬಿಟ್ಟಳಲ್ಲ, ಒಳ್ಳೇದು” ಎನ್ನುತ್ತ ಮುದುಕಿ ಬಟ್ಟಲಿಗೆ ಕೈ ಚಾಚಿದಳು. ಇಬ್ಬರೂ ಅದೇ ಬಟ್ಟಲಲ್ಲಿ ಕುಡಿದರು.

ಮಂಚಕ್ಕೆ ಎತ್ತುವಾಗ ಅಂಜಮ್ಮ ಬಂದು ಮುದುಕಿಯ ಕಾಲು ಹಿಡಿದಳು, ಕಣ್ಣು ಮುಚ್ಚಿಕೊಂಡು.

ಬಾಯಿಬಿಟ್ಟು ಕೇಳಿಕೊಂಡವರನ್ನು ಮಾತ್ರ ಇನ್ನುಮುಂದೆ ನೆಲಕ್ಕೆ ಇಳಿಸುವುದು ಎಂದು ಗಂಗರತ್ನಮ್ಮ ಕಟ್ಟಳೆ ಮಾಡಿದಳು. ಮುನಿಯಲ್ಲಮ್ಮ ಇನ್ನೂ ಎರಡು ರಾಗಿ ಕುಯ್ಲು ಕಂಡಳು. ತಾವಿಬ್ಬರೂ ಸತ್ತವರೆಂದೇ ನಂಬಿದ್ದಳು. ಗಂಗರತ್ನಮ್ಮ ಜೊತೆಗೆ ಕೂರದೆ ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಆಯಾಗಳು ಮಾತ್ರ ಗಂಗರತ್ನಮ್ಮನ ಕೈಯಿಂದ ಎಲೆಯಡಿಕೆ ತೆಗೆದುಕೊಳ್ಳುವುದನ್ನು ಬಿಟ್ಟರು.

ಕೊನೆಯ ದಿನ ಬಂದಾಗ ಗಂಗರತ್ನಮ್ಮ ಕಿವಿಯ ಹತ್ತಿರ ಬಗ್ಗಿ ಕೇಳಿದಳು: “ಇಳಿಸ್ಲಾ ಅವ್ವಾ?”

“ಒಂದು ಸಲ ಇಳಿದಾಯ್ತಲ್ಲಮ್ಮೀ.”

ಮಂಚದ ಮೇಲೆಯೇ ಹೋದಳು. ಆ ಮಂಚ ಯಾರಿಗೂ ಬೇಡವಾಯಿತು. ಹಿತ್ತಲಿಗೆ ಎಸೆಯಲು ಬಿಡದೆ ಗಂಗರತ್ನಮ್ಮ ಅದನ್ನು ತನ್ನ ಕೋಣೆಗೆ ಹಾಕಿಸಿಕೊಂಡು ಅದರಲ್ಲೇ ಮಲಗಿದಳು. ಚಳಿಗಾಲದಲ್ಲಿ ಗೋಡೆಯ ಬದಿಗೆ ಹೊರಳಿದರೆ ಹಾಸಿಗೆ ಬೆಚ್ಚಗಿರುತ್ತಿತ್ತು. ಅವಳು ಒಂದಿಷ್ಟು ಈಚೆಗೆ ಸರಿದು ಜಾಗ ಬಿಡುತ್ತಿದ್ದಳು.