ಮಸರಕಲ್ಲಿನ ಸುಣ್ಣದ ಗೆರೆ

ದೆವ್ವ, ಶಕುನ, ಸತ್ತವರು ಕನಸಿಗೆ ಬರುವುದು ಇಂಥ ಮಾತು ಯಾರಾದರೂ ತೆಗೆದರೆ ಎದ್ದು ಹೋಗುವ ಮನುಷ್ಯ ನಾನು. ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಯಂತ್ರಗಳ ಉಸ್ತುವಾರಿ ನನ್ನ ಕೆಲಸ. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಅದನ್ನು ಹುಡುಕಲಾರದವನು ನಿಂಬೆಹಣ್ಣು ಕಟ್ಟುತ್ತಾನೆ ಎಂದು ಮಾಲೀಕರ ಎದುರೇ ಹೇಳಿ ಬೈಸಿಕೊಂಡಿದ್ದೇನೆ. ಹಾಗಾಗಿ ಈಗ ನಾನು ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಗಿರಣಿಯಾಚೆಗೆ ನನಗೊಂದು ಹುಚ್ಚಿದೆ, ಗುರಿ ಹೊಡೆಯುವುದು. ನಮ್ಮ ಕಡೆಯ ಕೆಲವರು ಸೇರಿ ಕಟ್ಟಿಕೊಂಡ ರೈಫಲ್ ಕ್ಲಬ್ ಇದೆ. ವರ್ಷಕ್ಕೊಮ್ಮೆ ಪೊಲೀಸರ ಅನುಮತಿ ಪಡೆದು ಬಯಲಲ್ಲಿ ಪಂದ್ಯ ನಡೆಸುತ್ತೇವೆ. ಒಂದೇ ಕಡೆ ನಿಂತು ಹೊಡೆಯುವ ಪಂದ್ಯವಲ್ಲ ಅದು. ಬಂದೂಕು ಹಿಡಿದವನು ಬಂಡೆ, ಜಾಲಿಗಿಡಗಳ ನಡುವಿನ ಕಾಲುಹಾದಿಯಲ್ಲಿ ನಡೆಯುತ್ತ ಹೋಗಬೇಕು. ಸುಣ್ಣದ ಚೌಕ ಬಂದಲ್ಲಿ ನಿಂತು, ಅಲ್ಲಿಂದ ಕಾಣುವ ಹಲಗೆಗೆ ಹೊಡೆದು ಮುಂದಿನ ಚೌಕಕ್ಕೆ ಸಾಗಬೇಕು. ಹಾದಿ ಎಲ್ಲಿ ತಿರುಗಬೇಕು, ಚೌಕ ಎಲ್ಲಿ, ಹಲಗೆ ಎಲ್ಲಿ ಎಂದು ಗೊತ್ತು ಮಾಡುವವನ ಕೆಲಸ ಹೊಡೆಯುವವನ ಕೆಲಸಕ್ಕಿಂತ ದೊಡ್ಡದು. ಗುರಿ ತಪ್ಪಿದ ಗುಂಡೂ ಹಲಗೆಯ ಹಿಂದಿನ ಮಣ್ಣಿನಲ್ಲೇ ಹೋಗಿ ಹೂತುಕೊಳ್ಳಬೇಕು. ಇಡೀ ವಿದ್ಯೆ ಅಷ್ಟೇ.

ಅದನ್ನು ನನಗೆ ಕಲಿಸಿದವರು ಮಾನ್ವಿಯ ಶರಣಪ್ಪ ಮಾಸ್ತರು. ಶಾಲೆಯಲ್ಲಿ ಆಟದ ಮಾಸ್ತರರಾಗಿ ನಿವೃತ್ತರಾದವರು. ಗಿಡ್ಡ ಆಳು, ಹಣೆ ತುಂಬ ವಿಭೂತಿ. ಕಬಡ್ಡಿ ಅಂಕಣಕ್ಕೆ ಸುಣ್ಣ ಹಾಕಿ ಹಾಕಿ ಪಳಗಿದ ಕೈ ಅವರದು. ನಾವೆಲ್ಲ ತೂತು ಹೊಡೆದ ಡಬ್ಬಿಯಿಂದ ಪುಡಿ ಸುರಿದರೆ ಅಂಗೈ ಅಗಲದ ಗೆರೆ ಬೀಳುತ್ತಿತ್ತು. ಅವರು ಮುಷ್ಟಿಯಲ್ಲಿ ಸುಣ್ಣ ಹಿಡಿದು, ಹೆಣ್ಣುಮಕ್ಕಳು ರಂಗೋಲಿ ಎಳೆದ ಹಾಗೆ ಬೆರಳಿನಷ್ಟು ಸಣ್ಣ ಗೆರೆ ಎಳೆಯುತ್ತಿದ್ದರು. ಚೌಕ ಹಾಕಿದ ಮೇಲೆ ಅದರೊಳಗೆ ಎರಡೂ ಮಂಡಿ ಊರಿ ಕೂತು, ಹಲಗೆಯ ಕಡೆ ಒಂದು ಕಣ್ಣು ಮುಚ್ಚಿ ನೋಡುವುದು ಅವರ ಪದ್ಧತಿ. ಬಲ ಮಂಡಿ ಸವೆದುಹೋಗಿ ಸರಿಯಾಗಿ ಮಡಚುತ್ತಿರಲಿಲ್ಲ. ಎಡಗಾಲಿನ ಮೇಲೆಯೇ ಭಾರ ಹಾಕಿ, ಹಲ್ಲು ಕಚ್ಚಿ ಕೂರುತ್ತಿದ್ದರು. ನಾನು ಆರಡಿ ಮೀರಿದವನು, ನಿಂತೇ ನೋಡುತ್ತಿದ್ದೆ.

"ಗಿಡ್ಡಂದಿರ ಕಣ್ಣಿಲೆ ನೋಡಪಾ," ಅನ್ನುತ್ತಿದ್ದರು. "ಉದ್ದನ್ನವ್ರಿಗಿ ಎಲ್ಲಾ ಕಡಿ ಮಣ್ಣೇ ಕಾಣ್ತದ."

ಒಂದು ಚಳಿಗಾಲ ಕಲ್ಲೂರಿನ ಹತ್ತಿರ ಪಂದ್ಯವಿತ್ತು. ಬಿಸಿಲೇರಿತ್ತು, ಹೊರಗಿನಿಂದ ಬಂದವರು ಬಂದೂಕು ಹಿಡಿದು ಕಾಯುತ್ತಿದ್ದರು. ಮಾಸ್ತರು ಮಾತ್ರ ಒಂದೊಂದೇ ಚೌಕದಲ್ಲಿ ಕೂತು ಏಳುತ್ತಿದ್ದರು. ನಾಲ್ಕನೆಯದರಲ್ಲಿ ಏಳಲಾಗದೆ ನೆಲಕ್ಕೆ ಕೈಯೂರಿದರು. ಹಿಂದೆ ಯಾರೋ ಕಿಸಕ್ಕೆಂದರು. ನನಗೆ ನಾಚಿಕೆಯಾಯಿತು. ನಾಚಿಕೆ ನನ್ನಲ್ಲಿ ಸಿಟ್ಟಾಗಿಯೇ ಹೊರಗೆ ಬರುತ್ತದೆ, ಅದು ನನ್ನ ಹುಟ್ಟುಗುಣ.

"ಮಾಸ್ತರ, ನಿಮ್ಮ ಮಂಡಿ ಏಳೂತನಕ ಪಂದ್ಯ ನಿಂದರಬೇಕೇನ್ರಿ? ಆಗವಲ್ದು ಅಂದ್ರ ಮನ್ಯಾಗ ಕುಂದರ್ರಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವರು ಬೈಯಲಿಲ್ಲ. ಅಂಗೈಯ ಸುಣ್ಣ ಝಾಡಿಸಿಕೊಂಡು, "ಆತು ಬಿಡಪಾ. ಇನ್ಮ್ಯಾಲೆ ನೀನೇ ನೋಡ್ಕೊ," ಎಂದರು. ಅಂದು ಮಧ್ಯಾಹ್ನದ ಬಸ್ಸಿಗೆ ಮಾನ್ವಿಗೆ ಹೋದವರು ಮತ್ತೆ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ನಾನೂ ಹೋಗಿ ತಪ್ಪಾಯಿತು ಅನ್ನಲಿಲ್ಲ. ಇವತ್ತು ಹೋಗೋಣ, ಬರುವ ಭಾನುವಾರ ಹೋಗೋಣ ಅನ್ನುತ್ತಲೇ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ರಾಯಚೂರಿನಿಂದ ಮಾನ್ವಿ ಎಷ್ಟು ದೂರವೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಚಹಾ ಕುಡಿದು ಹೋಗಿ ಊಟಕ್ಕೆ ವಾಪಸ್ ಬರಬಹುದು.

ಹೋದದ್ದು ಅವರ ಮಣ್ಣಿಗೇ. ನಮ್ಮವರಲ್ಲಿ ಸತ್ತವರನ್ನು ಕುಳ್ಳಿರಿಸಿಯೇ ಮಣ್ಣು ಕೊಡುತ್ತಾರೆ, ನಿಮಗೆ ಗೊತ್ತಿರಬಹುದು. ಮಾಸ್ತರರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ, ಕಾಲು ಮಡಚಿ, ವಿಭೂತಿ ಬಳಿದು ಕೂರಿಸಿದ್ದರು. ಬದುಕಿದ್ದಾಗ ಮಡಚದ ಆ ಬಲ ಮಂಡಿಯನ್ನು ಮಡಚಿ ಬಟ್ಟೆಯಿಂದ ಕಟ್ಟಿದ್ದರು. ನಾನು ಅದನ್ನೇ ನೋಡುತ್ತ ಜನರ ಹಿಂದೆ ನಿಂತೆ. ಮುಂದೆ ಹೋಗಿ ಕಾಲು ಮುಟ್ಟುವ ಧೈರ್ಯ ಬರಲಿಲ್ಲ, ಹಾಗೆಯೇ ತಿರುಗಿ ಬಂದೆ.

ಎರಡು ತಿಂಗಳಾದ ಮೇಲೆ ದೇವದುರ್ಗ ತಾಲೂಕಿನ ಮಸರಕಲ್ ಬಳಿ ಪಂದ್ಯ ಗೊತ್ತಾಯಿತು. ಮೊದಲ ಸಲ ಹಾದಿಯೆಲ್ಲ ನನ್ನೊಬ್ಬನದೇ. ಐದು ಚೌಕ, ಐದು ಹಲಗೆ, ಹಲಗೆಗಳ ಹಿಂದೆ ಜೆಸಿಬಿಯಿಂದ ಎತ್ತಿಸಿದ ಎರೆಮಣ್ಣಿನ ಉದ್ದನೆಯ ದಿಬ್ಬ. ಹಿಂದಿನ ಸಂಜೆಯೇ ಸುಣ್ಣ ಹಾಕಿ ಮುಗಿಸಿದೆ. ಮೂರನೆಯ ಚೌಕದಲ್ಲಿ ನಿಂತಾದರೂ ಹೊಡೆಯಬಹುದು, ಮಂಡಿಯೂರಿಯಾದರೂ ಹೊಡೆಯಬಹುದು ಎಂದು ನಿಯಮ ಬರೆದವನೂ ನಾನೇ. ನೋಡಿದ್ದು ಮಾತ್ರ ನಿಂತುಕೊಂಡು. ಕಲ್ಲೂರಿನಲ್ಲಿ ಆ ಮಾತು ಆಡಿದ ಮೇಲೆ ಚೌಕದಲ್ಲಿ ಮಂಡಿ ಊರಲು ನನ್ನಿಂದ ಆಗುತ್ತಿರಲಿಲ್ಲ. ಹಠ ಅನ್ನಿ, ನಾಚಿಕೆ ಅನ್ನಿ. ಸಾಮಾನು ಕಾಯಲೆಂದು ನಾನು, ಟೆಂಪೊ ಓಡಿಸುವ ಗೆಳೆಯ ಖಾಜಾ ಇಬ್ಬರೂ ಅಲ್ಲೇ ಉಳಿದೆವು. ಅವನು ಟೆಂಪೊದೊಳಗೆ ಮಲಗಿದ, ನಾನು ಮೂರನೆಯ ಚೌಕದ ಪಕ್ಕದ ಬಂಡೆಯ ಮೇಲೆ ಕಂಬಳಿ ಹಾಸಿಕೊಂಡೆ. ದಣಿದಿದ್ದೆ, ಮಲಗಿದ ಕೂಡಲೇ ನಿದ್ದೆ ಬಂತು. ಆ ರಾತ್ರಿ ನಾನು ಏನನ್ನೂ ನೋಡಲಿಲ್ಲ, ಏನನ್ನೂ ಕೇಳಲಿಲ್ಲ.

ನಸುಕಿನಲ್ಲಿ ಎದ್ದು ನೋಡಿದರೆ ಮೂರನೆಯ ಚೌಕ ಇದ್ದಲ್ಲಿ ಇರಲಿಲ್ಲ. ನಾನು ಹಾಕಿದ ದಪ್ಪ ಗೆರೆಗಳನ್ನು ಯಾರೋ ಕಾಲಿನಿಂದ ಒರೆಸಿ ಮಣ್ಣಿಗೆ ಬೆರೆಸಿದ್ದರು. ಎಡಕ್ಕೆ ಮೂರು ಹೆಜ್ಜೆ ಆಚೆ ಇನ್ನೊಂದು ಚೌಕವಿತ್ತು. ಬೆರಳಿನಷ್ಟು ಸಣ್ಣ ಗೆರೆ, ನೂಲು ಹಿಡಿದ ಹಾಗೆ ನೇರ. ಅದರೊಳಗೆ ಮೆತ್ತನೆಯ ಮಣ್ಣಿನಲ್ಲಿ ಎರಡು ಮಂಡಿ ಊರಿದ ಗುರುತು. ಎಡಗಡೆಯದು ಆಳವಾಗಿತ್ತು. ಬಲಗಡೆಯದು ಸುಮ್ಮನೆ ನೆಲಕ್ಕೆ ತಾಗಿಸಿದಷ್ಟೇ ಇತ್ತು.

ಮೊದಲು ಬಂದದ್ದು ಸಿಟ್ಟೇ. ಖಾಜಾನನ್ನು ಎಬ್ಬಿಸಿ ಕೇಳಿದೆ. "ನಾ ಯಾಕ ಮಾಡ್ಲಿ ಭಾಯ್? ಇಷ್ಟು ಚೆಂದ ಗೆರಿ ಹಾಕಾಕ ಬಂದಿದ್ರ ಡ್ರೈವರ್ ಯಾಕ ಆಗ್ತಿದ್ದೆ?" ಎಂದು ಕಣ್ಣುಜ್ಜಿಕೊಂಡ. ಮಂಡಿಯ ಗುರುತು ತೋರಿಸಿದೆ. ಕಲ್ಲೂರಿನಲ್ಲಿ ಅವನೂ ಇದ್ದ. ಅದನ್ನು ನೋಡಿದವನು ದೂರ ಸರಿದು ನಿಂತ.

ನಾನು ಅಳಿಸಿಹೋದ ನನ್ನ ಚೌಕದ ಜಾಗಕ್ಕೆ ಹೋಗಿ ಮಂಡಿಯೂರಿದೆ. ನಿಂತಾಗ ಹಲಗೆಯ ಹಿಂದೆ ಪೂರ್ತಿ ಮಣ್ಣು ಕಂಡಿತ್ತು. ಈಗ ಹಲಗೆಯ ಮೇಲರ್ಧ ದಿಬ್ಬದ ಅಂಚು ದಾಟಿ ಮೇಲೆ ನಿಂತಿತ್ತು. ಅದರ ಪಕ್ಕದಲ್ಲಿಯೇ, ದಿಬ್ಬದಾಚೆಯ ಏರಿನ ಮೇಲೆ ಕೆಂಪು ಸೆರಗೊಂದು ಮೆಲ್ಲಗೆ ಸರಿಯುತ್ತಿತ್ತು. ಸೊಂಟದಲ್ಲಿ ಕೂಸು, ಹಿಂದೆ ಕುರಿ. ಗುಂಡೆಲ್ಲ ದಿಬ್ಬಕ್ಕೇ ಬೀಳುತ್ತದೆ, ಆ ಏರಿನವರೆಗೆ ಹೋಗದು ಎಂದು ಲೆಕ್ಕ ಹಾಕಿ ಅಲ್ಲಿ ಕಾವಲಿಗೂ ಯಾರನ್ನೂ ಹಾಕಿರಲಿಲ್ಲ. ಇನ್ನು ಎರಡು ಗಂಟೆಯಲ್ಲಿ ನಾನು ಮಂಡಿಯೂರಿದ್ದ ಜಾಗದಿಂದಲೇ ಮೂವತ್ತು ಜನ ಒಬ್ಬರಾದ ಮೇಲೊಬ್ಬರು ಗುಂಡು ಹೊಡೆಯುವವರಿದ್ದರು.

ಎದ್ದು ಹೊಸ ಚೌಕಕ್ಕೆ ಬಂದು ಅದೇ ಎರಡು ಗುಳಿಗಳಲ್ಲಿ ನನ್ನ ಮಂಡಿ ಇಟ್ಟೆ. ಅಲ್ಲಿಂದ ದಿಬ್ಬದ ಎತ್ತರವಾದ ಭಾಗ ಹಲಗೆಯ ಬೆನ್ನಿಗೆ ಸರಿಯಾಗಿ ಬಂದಿತ್ತು. ಹಲಗೆಯ ಸುತ್ತ ಮಣ್ಣು ಬಿಟ್ಟರೆ ಬೇರೇನೂ ಕಾಣಲಿಲ್ಲ. "ತಪ್ಪಾತ್ರಿ ಮಾಸ್ತರ," ಎಂದೆ. ವರ್ಷದಿಂದ ಹೇಳದೆ ಉಳಿದಿದ್ದ ಮಾತು ಆ ಖಾಲಿ ಬಯಲಲ್ಲಿ ಹೊರಬಂತು. ಅತ್ತುಬಿಟ್ಟೆ. ಖಾಜಾ ಟೆಂಪೊ ಒರೆಸುವವನ ಹಾಗೆ ಬೆನ್ನು ತಿರುಗಿಸಿಕೊಂಡ.

ಆಮೇಲೆ ದಿಬ್ಬ ಸುತ್ತಿ ಹೋಗಿ ಆ ಹೆಣ್ಣುಮಗಳನ್ನು ಮಾತಾಡಿಸಿದೆ. ಯಲ್ಲವ್ವ ಎಂದು ಅವಳ ಹೆಸರು, ಮಸರಕಲ್ಲಿನ ಕುರಿ ಕಾಯುವ ಮನೆಯವಳು. "ನಮ್ಮ ಕುರಿಗಿ ನೀರಿಗಿ ಇದೊಂದೇ ಹಾದಿ ಅದರೀ ಯಪ್ಪಾ. ಹೊತ್ತು ಏರೂತನಕ ಹೋಗ್ತೀವಿ ಬರ್ತೀವಿ," ಎಂದಳು. ರಾತ್ರಿ ಈ ಕಡೆ ಯಾರಾದರೂ ಓಡಾಡಿದ್ದು ಕಂಡೆಯಾ ಎಂದು ಕೇಳಿದೆ. ಯಾರನ್ನೂ ಕಂಡಿಲ್ಲ ಎಂದು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಆ ಕೂಸಿನ ಮುಖ ನನಗೆ ಈಗಲೂ ನೆನಪಿದೆ.

ಏರಿನ ಎರಡೂ ಕಡೆ ಕೆಂಪು ಬಾವುಟ ಹಾಕಿಸಿದೆ, ಕಾವಲು ನಿಲ್ಲಿಸಿದೆ, ಅವಳ ಕುರಿಗಳೆಲ್ಲ ನೀರು ಕುಡಿದು ಮರಳುವವರೆಗೂ ಪಂದ್ಯ ಶುರುವಾಗಲು ಬಿಡಲಿಲ್ಲ. ಬಂದವರು ಗೊಣಗಿದರು. ಐದೂ ಚೌಕಗಳಲ್ಲಿ ನಾನು ಮಂಡಿಯೂರಿ ನೋಡುತ್ತಿದ್ದಾಗ ಹಿಂದೆ ಯಾರೋ ನಕ್ಕರು. ನಗಲಿ ಎಂದು ಬಿಟ್ಟೆ.

ಯಂತ್ರದವನಾದ್ದರಿಂದ ಕಾರಣ ಹುಡುಕದೆ ಬಿಟ್ಟಿಲ್ಲ. ನಿದ್ದೆಗಣ್ಣಿನಲ್ಲಿ ನೀನೇ ಎದ್ದು ಮಾಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಬೆಳಿಗ್ಗೆ ನನ್ನ ಪ್ಯಾಂಟಿನ ಮಂಡಿಗೆ ಮಣ್ಣಿರಲಿಲ್ಲ, ಚೌಕದಲ್ಲಿ ಕೂರುವ ಮೊದಲೇ ನೋಡಿಕೊಂಡಿದ್ದೆ. ಬಲ ಅಂಗೈಯ ಗೆರೆಗಳಲ್ಲಿ ಮಾತ್ರ ಸುಣ್ಣವಿತ್ತು. ಆದರೆ ಹಿಂದಿನ ಸಂಜೆ ಡಬ್ಬಿ ತುಂಬಿದ್ದೂ ಅದೇ ಕೈ. ಮುಷ್ಟಿಯಿಂದ ಗೆರೆ ಎಳೆಯಲು ಆಮೇಲೆ ಎಷ್ಟೋ ಸಲ ನೋಡಿದ್ದೇನೆ, ಇವತ್ತಿಗೂ ನನ್ನ ಗೆರೆ ಸೊಟ್ಟಗೇ ಬೀಳುತ್ತದೆ.

ಅವರೇ ಬಂದಿದ್ದರೆಂದು ನಂಬಲು ಮನಸ್ಸು ಹಾತೊರೆಯುತ್ತದೆ. ಹಾಗೆ ನಂಬಿದ ದಿನ ದುಃಖ ಇನ್ನೂ ಹೆಚ್ಚಾಗುತ್ತದೆ. ನಾನು ಮಲಗಿದ್ದ ಬಂಡೆಗೂ ಆ ಚೌಕಕ್ಕೂ ನಾಲ್ಕು ಮಾರು ದೂರವಿರಲಿಲ್ಲ. ಬಂದವರು ಯಲ್ಲವ್ವನ ಕೂಸನ್ನು ಉಳಿಸಿದರು, ನನ್ನ ತಪ್ಪನ್ನು ಕಾಲಿನಿಂದ ಒರೆಸಿದರು, ನೋಯುವ ಮಂಡಿಯನ್ನೂ ಊರಿದರು. ನನ್ನನ್ನು ಮಾತ್ರ ಎಬ್ಬಿಸಲಿಲ್ಲ.