ಮಿಂಚಿನ ಗೋಳ ಮತ್ತು ಕಾಲಿಪಾಳ ಕೈ

ರಾಜಧಾನಿ ಬಿಷ್ಕೆಕ್‌ನ ಯಂತ್ರವೊಂದು ಕಾಲಿಪಾಳ ಕೈಯನ್ನು ನುಂಗಿಹಾಕಿತು ಎಂಬ ಸುದ್ದಿ ಕೊಚ್ಕೋರ್ ಬಯಲಿನ ಮೇಲುಭಾಗದ ಹಳ್ಳಿಗಳಲ್ಲಿ ಎರಡೇ ದಿನದಲ್ಲಿ ಹಬ್ಬಿತು. ನುಂಗಿತು ಎಂದರೆ ಬೆರಳು ಕತ್ತರಿಸಿತು ಎಂದಲ್ಲ. ಕೈಯೊಳಗಿನ ಕಸುಬನ್ನು ಹೀರಿಕೊಂಡಿತು ಎಂದು. ಗಾಜಿನ ಗೋಳದ ನಡುವಿನಿಂದ ನೇರಳೆ ಮಿಂಚು ಹೊರಟು ಅವಳ ಐದೂ ಬೆರಳುಗಳಿಗೆ ಹಾಯ್ದದ್ದನ್ನು ಊರಿಗೆ ಊರೇ ಕಣ್ಣಾರೆ ಕಂಡಿತ್ತು. ಮಗ ತಾಲಾಯ್ ಬಳಗದ ವಾಟ್ಸಾಪ್ ಗುಂಪಿಗೆ ಆ ಫೋಟೋ ಹಾಕಿದ್ದ. ಹೋಗುವಾಗ ನೆಟ್ಟಗಿದ್ದ ಕೈ ಬರುವಾಗ ನಡುಗುತ್ತಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು?

ಆದರೆ ಗೋಳ ನಿರಪರಾಧಿ. ಕಾಲಿಪಾಳ ಬಲಗೈ ನಡುಗತೊಡಗಿ ಆಗಲೇ ಎರಡು ಚಳಿಗಾಲಗಳು ಕಳೆದಿದ್ದವು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ, ಮತ್ತು ಬಹುಶಃ ಅವಳ ಚಹಾದ ಬಟ್ಟಲಿಗೆ. ಆ ಕಡೆ ಅತಿಥಿಗೆ ಬಟ್ಟಲು ತುಂಬಾ ಚಹಾ ಸುರಿದರೆ ಬೇಗ ಎದ್ದು ಹೋಗು ಎಂದ ಹಾಗೆ. ಅರ್ಧ ಸುರಿದು ಮತ್ತೆ ಮತ್ತೆ ತುಂಬಿಸುವುದೇ ಮರ್ಯಾದೆ. ಕಾಲಿಪಾ ಅರ್ಧಕ್ಕೂ ಕಡಿಮೆ, ತಳ ಮುಚ್ಚುವಷ್ಟೇ ಸುರಿಸಿಕೊಳ್ಳತೊಡಗಿದಾಗ ಜನ ಅದನ್ನು ವಯಸ್ಸಿಗೆ ತಕ್ಕ ಗಾಂಭೀರ್ಯವೆಂದೇ ತಿಳಿದರು. ತುಳುಕದಿರಲಿ ಎಂದು ಹೂಡಿದ ಉಪಾಯಕ್ಕೆ ಹೀಗೆ ಗೌರವ ಸಂದಿತು.

ಕಾಲಿಪಾ ಉಣ್ಣೆ ಕೊಯ್ಯುವವಳು. ಬಿಸಿನೀರೆರೆದು, ತುಳಿದು, ಉರುಳಿಸಿ ಗಟ್ಟಿಮಾಡಿದ ಎರಡು ಬಣ್ಣದ ಉಣ್ಣೆಹಾಳೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಸೀಮೆಸುಣ್ಣದಲ್ಲಿ ಟಗರಿನ ಕೊಂಬಿನ ಸುರುಳಿಗಳನ್ನು ಬರೆದು, ಎರಡನ್ನೂ ಒಂದೇ ಏಟಿಗೆ ಚಾಕುವಿನಿಂದ ಕೊಯ್ಯುವ ಕೆಲಸ. ಕೆಂಪಿನ ಕೊಂಬು ಕಂದಿನ ಗುಂಡಿಯಲ್ಲಿ, ಕಂದಿನ ಕೊಂಬು ಕೆಂಪಿನ ಗುಂಡಿಯಲ್ಲಿ ಕೂರುತ್ತದೆ. ಒಂದು ಚೂರೂ ವ್ಯರ್ಥವಾಗದೆ ಎರಡು ಹಾಸುಗಳು ಅವಳಿಗಳಂತೆ ಹುಟ್ಟುತ್ತವೆ. ಚಾಕು ಒಮ್ಮೆ ಜಾರಿದರೆ ಹಾಳಾಗುವುದೂ ಎರಡೇ. ಆದ್ದರಿಂದ ಹೊಲಿಯಲು ಊರಿನಲ್ಲಿ ನೂರು ಕೈ, ಕೊಯ್ಯಲು ಒಂದೇ ಕೈ. ಬರೆದವಳೇ ಕೊಯ್ಯಬೇಕು, ಇಲ್ಲವಾದರೆ ಆ ಹಾಸುಗಳಿಗೆ ಇಬ್ಬರು ತಾಯಂದಿರಾಗುತ್ತಾರೆ ಎಂಬುದು ಹಿಂದಿನಿಂದ ಬಂದ ಕಟ್ಟಳೆ. ಚಾಕು ಇಡುವ ಮೊದಲು ಹೇಳಬೇಕಾದ ಮಾತೂ ಹಿಂದಿನಿಂದಲೇ ಬಂದದ್ದು: 'ಇದು ನನ್ನ ಕೈಯಲ್ಲ, ಉಮಾಯ್ ತಾಯಿಯ ಕೈ.' ಹೆರಿಗೆಯಲ್ಲೂ, ಹಿಟ್ಟು ನಾದುವಾಗಲೂ, ಮಗುವಿನ ಹೊಟ್ಟೆ ನೀವುವಾಗಲೂ ಹೆಂಗಸರು ತಾಯಿಮಕ್ಕಳನ್ನು ಕಾಯುವ ಆ ದೇವಿಯ ಕೈಯನ್ನೇ ಕಡ ಪಡೆಯುತ್ತಾರೆ.

ಆ ಫೆಬ್ರುವರಿಯಲ್ಲಿ ನೆರೆಯ ಬುರ್ಮಾಕನ್ ಎರಡು ಹಾಳೆಗಳನ್ನು ತಂದು ಕಾಲಿಪಾಳ ಮನೆಯಲ್ಲಿ ಇಳಿಸಿದ್ದಳು. ಜೂನ್‌ನಲ್ಲಿ ಮಗಳ ಮದುವೆ, ಬಳುವಳಿಯ ಹಾಸು. ಇಡೀ ಚಳಿಗಾಲ ತಾಯಿ ಮಗಳು ಸೇರಿ ತುಳಿದ ಉಣ್ಣೆ. ಕಾಲಿಪಾ ಒಮ್ಮೆ ಸೊಂಟನೋವು ಎಂದಳು, ಒಮ್ಮೆ ಬೆಳಕು ಸಾಲದು ಎಂದಳು. ಮಾರ್ಚ್‌ನಲ್ಲಿ ಶಾಲೆಗಳಿಗೆ ರಜೆ ಬಂದಾಗ ಮೊಮ್ಮಗಳನ್ನು ನೋಡಬೇಕೆಂದು ಬಿಷ್ಕೆಕ್‌ನ ಬಸ್ಸು ಹತ್ತಿದಳು. "ಬಂದ ಮಾರನೇ ದಿನವೇ ಕುಯ್ತೀನಿ," ಎಂದು ಬುರ್ಮಾಕನ್‌ಗೆ ಮಾತು ಕೊಟ್ಟೇ ಹೊರಟಿದ್ದಳು.

ತಾಲಾಯ್ ನಗರದಲ್ಲಿ ಬಸ್ಸು ಓಡಿಸುತ್ತಾನೆ. ಅವನ ಹೆಂಡತಿ ಗುಲ್ಜಾನ್ ಮಾರುಕಟ್ಟೆಯ ಪಕ್ಕದ ಅಂಗಡಿಯೊಂದರಲ್ಲಿ ಹೆಂಗಸರ ಉಗುರುಗಳ ಮೇಲೆ ಚಿತ್ತಾರ ಬರೆಯುತ್ತಾಳೆ. ಸೊಸೆಯ ಈ ಉದ್ಯೋಗದ ಬಗ್ಗೆ ಕಾಲಿಪಾಳ ಅಭಿಪ್ರಾಯ ಗುಟ್ಟಾಗಿರಲಿಲ್ಲ. ಮದುವೆಯಾದ ಹೊಸತರಲ್ಲೇ ಒಮ್ಮೆ, "ನಮ್ಮ ಹಸು ಗೊರಸಿಗೂ ಬಣ್ಣ ಹಚ್ತೀಯೇನಮ್ಮಾ?" ಎಂದು ಎಲ್ಲರೆದುರು ಕೇಳಿದ್ದಳು. ಗುಲ್ಜಾನ್ ನಕ್ಕಿದ್ದಳು, ಆದರೆ ಮರೆತಿರಲಿಲ್ಲ.

ಎಂಟು ವರ್ಷದ ಮೊಮ್ಮಗಳು ಅಕ್ಮೋರ್‌ಳ ಹಟದಿಂದಾಗಿ ರಜೆಯ ಮೊದಲ ಭಾನುವಾರ ನಾಲ್ವರೂ ವಿಜ್ಞಾನದ ಮನೆಗೆ ಹೋದರು. ದೊಡ್ಡ ಅಂಗಡಿ ಸಂಕೀರ್ಣದ ಮೂರನೇ ಮಹಡಿ. ಬಾಗಿಲಲ್ಲೇ 'ದಯವಿಟ್ಟು ಎಲ್ಲವನ್ನೂ ಮುಟ್ಟಿ' ಎಂಬ ಫಲಕ.

"ಮುಟ್ಟಬೇಡಿ ಅಂತ ಗದರೋದು ನೋಡಿದೀನಿ," ಎಂದಳು ಕಾಲಿಪಾ. "ಮುಟ್ಟಿ ಅಂತ ಅಂಗಲಾಚೋದು ಇದೇ ಮೊದಲು."

"ಎಲ್ಲಾನೂ ಬಿಚ್ಚಬೇಡ ಅಪಾ, ಮುಟ್ಟು ಸಾಕು," ಎಂದ ತಾಲಾಯ್. ಅಪಾ ಎಂದರೆ ಅಮ್ಮ. ಹೊಲಿಗೆಯಂತ್ರವನ್ನೂ ಗೋಡೆಗಡಿಯಾರವನ್ನೂ ಒಳಗೇನಿದೆ ನೋಡುತ್ತೇನೆಂದು ಬಿಚ್ಚಿ, ಗಡಿಯಾರವನ್ನು ಮಾತ್ರ ಮತ್ತೆ ಜೋಡಿಸಲಾಗದೆ ಹೋದ ತಾಯಿಯ ಮಗ ಅವನು.

ಕೊನೆಯಿಲ್ಲದ ಕನ್ನಡಿಯ ಓಣಿಯಲ್ಲಿ ಉಳಿದವರು ತಮ್ಮ ಸಾವಿರ ಮುಖಗಳನ್ನು ನೋಡಿಕೊಳ್ಳುತ್ತಿದ್ದರೆ ಕಾಲಿಪಾ ಕನ್ನಡಿಯ ಹಿಂಬದಿಗೆ ಹೋಗಿ ಹಲಗೆಯನ್ನು ತಟ್ಟಿ ನೋಡಿದಳು. ಮೊಳೆಯ ಹಾಸಿಗೆಯ ಮೇಲೆ ಮಗ ಮಲಗಿದಾಗ ಅವನ ಬೆನ್ನು ಏನಾಯಿತೆಂದು ಕೇಳಲಿಲ್ಲ. ಮೊಳೆಗಳ ನಡುವಿನ ಅಂತರವನ್ನು ಬೆರಳಲ್ಲಿ ಅಳೆದಳು. "ಒಂದೇ ಮೊಳೆ ಇದ್ದಿದ್ರೆ ಚುಚ್ಚೋದು," ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. "ಸಾವಿರ ಜನ ಸೇರಿ ಬೈದ್ರೆ ಯಾರ ಬೈಗುಳಾನೂ ನಾಟೋದಿಲ್ಲವಲ್ಲ, ಹಾಗೆ."

ಮಿಂಚಿನ ಗೋಳದ ಮುಂದೆ ಅವಳು ಬಹಳ ಹೊತ್ತು ನಿಂತಳು. ಗಾಜಿಗೆ ಬೆರಳು ತಾಗಿಸಿದ ಕೂಡಲೇ ಒಳಗಿನ ಎಳೆಗಳು ಹಸಿದ ಕುರಿಮರಿಗಳಂತೆ ಅವಳ ಕಡೆಗೇ ಓಡಿಬಂದವು. ಅವಳನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆ ಬೆಳಕೇ ಸದಾ ನಡುಗುತ್ತಿತ್ತು. ಅದರೆದುರು ಯಾರ ಬೆರಳು ನಡುಗುತ್ತಿದೆ, ಯಾರದು ಇಲ್ಲ ಎಂದು ಹೇಳುವಂತಿರಲಿಲ್ಲ. ಎರಡು ಚಳಿಗಾಲಗಳಲ್ಲಿ ಮೊದಲ ಬಾರಿಗೆ ಅವಳು ಬಲಗೈಯನ್ನು ಮಂದಿಯ ನಡುವೆ ನಿರಾಳವಾಗಿ ಚಾಚಿದಳು. ತಾಲಾಯ್ ಫೋಟೋ ತೆಗೆದದ್ದು ಆಗಲೇ.

ಆಮೇಲೆ ಅಕ್ಮೋರ್ ಎಲ್ಲರನ್ನೂ ತಂತಿಯ ಆಟದ ಬಳಿ ಎಳೆದಳು. ಬಳುಕಿ ಬಾಗಿದ ಉದ್ದನೆಯ ತಂತಿ. ಅದರ ಸುತ್ತ ಹಿಡಿಯುಳ್ಳ ಒಂದು ಬಳೆ. ತಂತಿಗೆ ತಾಗಿಸದೆ ಬಳೆಯನ್ನು ಈ ತುದಿಯಿಂದ ಆ ತುದಿಗೆ ಒಯ್ಯಬೇಕು. ತಾಗಿದರೆ ಕೆಂಪು ದೀಪ ಹತ್ತಿ ಯಂತ್ರ ಕಿರುಚುತ್ತದೆ. ಅಕ್ಮೋರ್ ಐದು ಸಲ ಕಿರುಚಿಸಿದಳು, ತಾಲಾಯ್ ಮೂರು ಸಲ.

"ಈಗ ಚೋನಪಾ!" ಎಂದಳು ಅಕ್ಮೋರ್, ಅಜ್ಜಿಯನ್ನು ಕರೆದದ್ದಕ್ಕಿಂತ ಸುತ್ತಲಿನವರಿಗೆ ಕೇಳಿಸಲೆಂದು. "ನಮ್ಮಜ್ಜಿ ಒಂದ್ಸಲಾನೂ ಕೂಗಿಸಲ್ಲ ನೋಡ್ತಿರಿ. ಎರಡೆರಡು ಹಾಸು ಒಂದೇ ಸಲ ಕುಯ್ಯೋರು ಅವರು!"

"ನಂಗೆ ಕಾಲು ನೋಯ್ತಿದೆ ಪುಟ್ಟಿ."

"ಇದು ಕೈಯಾಟ, ಕಾಲಿಂದಲ್ಲ!"

ಸುತ್ತ ನಿಂತವರು ನಕ್ಕರು. ಯಾರೋ ದಾರಿ ಬಿಟ್ಟರು. ತಂತಿಯ ಬಾಗು ಎಲ್ಲೋ ನೋಡಿದಂತಿತ್ತು. ನಡುವೆ ಒಂದು ಕೊಂಬು, ಆಮೇಲೆ ಎದುರುಕೊಂಬು. ಸಾವಿರ ಸಲ ಕೊಯ್ದ ದಾರಿ. ಒಂದು ಸಲ ಆಗಿಬಿಡಬಹುದು ಎಂಬ ಆಸೆ ಕಾಲಿಪಾಳಲ್ಲಿ ಹುಟ್ಟಿದ್ದು ಸುಳ್ಳಲ್ಲ. ಬಳೆಯ ಹಿಡಿಯನ್ನು ಚಾಕುವಿನಂತೆಯೇ ಹಿಡಿದು, ಅಭ್ಯಾಸಬಲದಿಂದ, ಕೇಳಿಸುವಂತೆಯೇ ಹೇಳಿದಳು: "ಇದು ನನ್ನ ಕೈಯಲ್ಲ, ಉಮಾಯ್ ತಾಯಿ ಕೈ."

ಯಂತ್ರ ಕಿರುಚಿತು. ಬಿಟ್ಟು ಬಿಟ್ಟಲ್ಲ, ಒಂದೇ ಸಮನೆ; ಕೆಂಪು ದೀಪ ಪಟಪಟನೆ ಹೊಡೆದುಕೊಂಡಿತು. ಮೊದಲ ಬಾಗು ದಾಟುವ ಮುನ್ನವೇ ಅವಳು ಬಳೆಯನ್ನು ಬಿಟ್ಟಳು.

"ಹಾಗಾದ್ರೆ ಚೋನಪಾ," ಎಂದಳು ಅಕ್ಮೋರ್ ನಿಜವಾದ ಕುತೂಹಲದಿಂದ, "ಉಮಾಯ್ ತಾಯಿ ಕೈ ನಡುಗತ್ತಾ?"

ಜನ ಘೊಳ್ಳೆಂದು ನಕ್ಕರು. ತಾಲಾಯ್ ಮಾತ್ರ ನಗಲಿಲ್ಲ. "ಮಷೀನು ಕೆಟ್ಟಿದೆ ಕಣೇ," ಎಂದು ಮಗಳ ತಲೆಗೆ ಮೊಟಕಿದ. ಹಳದಿ ಕೋಟಿನ ಮೇಲ್ವಿಚಾರಕಿ ಬಂದು ತಂತಿ ನೋಡಿ, "ಸರಿಯಾಗೇ ಇದೆಯಲ್ಲ, ಬೇಕಿದ್ರೆ ನೀವು ನೋಡಿ," ಎಂದು ಹತ್ತಿರವಿದ್ದ ಗುಲ್ಜಾನ್‌ಳ ಕೈಗೆ ಬಳೆ ಕೊಟ್ಟಳು. ಗುಲ್ಜಾನ್ ಬಳೆಯನ್ನು ಈ ತುದಿಯಿಂದ ಆ ತುದಿಗೆ ಒಯ್ದಳು. ಯಂತ್ರ ಉಸಿರೆತ್ತಲಿಲ್ಲ. ಒಂದೆರಡು ಕಡೆ ಬೇಕೆಂದೇ ತಾಗಿಸಿಬಿಡಬಹುದಿತ್ತು ಎಂದು ಅವಳಿಗೆ ಹೊಳೆದದ್ದು ಕೊನೆ ಮುಟ್ಟಿದ ಮೇಲೆ. ಚಪ್ಪಾಳೆ ಬಿದ್ದಾಗ ಅವಳು ತಿರುಗಿ ನೋಡಿದಳು. ಅತ್ತೆ ಅಲ್ಲಿರಲಿಲ್ಲ.

ಕಾಲಿಪಾ ಮೂಲೆಯ ಇನ್ನೊಂದು ಮೇಜಿನ ಬಳಿ ಇದ್ದಳು. ಅಲ್ಲಿ ಕಂಬದ ಮೇಲೆ ಕೂರಿಸಿದ ಚೌಕನೆಯ ತಗಡು, ಮೇಲೆ ಉದುರಿಸಿದ ಸಣ್ಣ ಮರಳು. ಇನ್ನೊಬ್ಬ ಮೇಲ್ವಿಚಾರಕಿ, ಹಣೆಯ ಮೇಲೆ ಕನ್ನಡಕ ಏರಿಸಿಕೊಂಡ ನಡುವಯಸ್ಸಿನ ಹೆಂಗಸು, ಪಿಟೀಲಿನ ಕಮಾನಿನಿಂದ ತಗಡಿನ ಅಂಚನ್ನು ಉಜ್ಜಿದಳು. ತಗಡು ಹಾಡಿತು, ಮರಳು ಹಾರಿ ಕುಣಿದು ಕ್ಷಣಾರ್ಧದಲ್ಲಿ ಒಂದು ಚಿತ್ತಾರವಾಗಿ ಕೂತಿತು.

ಅವಮಾನದಿಂದ ದೂರ ಸರಿಯಲೆಂದು ಬಂದವಳಿಗೆ ಅವಮಾನವೇ ಮರೆತುಹೋಯಿತು. ಬಗ್ಗಿ ತಗಡಿನ ಕೆಳಗೆ ನೋಡಿದಳು.

"ಯಾರಮ್ಮಾ ಬರೀತಿರೋದು?"

"ಯಾರೂ ಇಲ್ಲ ಅಜ್ಜಿ. ತಗಡು ನಡುಗತ್ತೆ. ಎಲ್ಲಿ ನಡುಗುತ್ತೋ ಅಲ್ಲಿಂದ ಮರಳು ಓಡಿಹೋಗತ್ತೆ. ಎಲ್ಲಿ ನಡುಗಲ್ವೋ ಅಲ್ಲಿ ಹೋಗಿ ಕೂರತ್ತೆ."

"ನಡುಗಿದ್ರೆ ಇಡೀ ತಗಡು ನಡುಗಬೇಕಲ್ಲ?"

"ಇಲ್ಲ. ನಡುಗೋ ತಗಡಲ್ಲೂ ನಡುಗದೇ ಇರೋ ಗೆರೆ ಇರತ್ತೆ."

"ಇನ್ನೊಂದ್ಸಲ ಮಾಡು."

ಆಕೆ ಇನ್ನೊಂದು ಸಲ ಮಾಡಿದಳು. ಅಂಚನ್ನು ಬೇರೆ ಕಡೆ ಚಿವುಟಿ ಹಿಡಿದಾಗ ಚಿತ್ತಾರವೂ ಬೇರೆಯಾಯಿತು. ಕಾಲಿಪಾ ಏಳು ಸಲ ಮಾಡಿಸಿದಳು. ಹಿಂದೆ ಮಕ್ಕಳ ಸಾಲು ಬೆಳೆಯಿತು. ನಾಲ್ಕನೆಯದನ್ನು ಕಂಡು, "ಇದರ ಕೊಂಬು ಸರಿಯಿಲ್ಲ, ಬಾಲ ಉದ್ದವಾಯ್ತು," ಎಂದು ನಡುಗುವ ಬೆರಳಿನಿಂದಲೇ ಮರಳನ್ನು ತಿದ್ದಿದಳು.

"ಭೌತಶಾಸ್ತ್ರಾನ ಯಾರೂ ಹೀಗೆ ತಿದ್ದಿರಲಿಲ್ಲ ಅಜ್ಜಿ," ಎಂದು ಆಕೆ ನಕ್ಕಳು.

ಗುಲ್ಜಾನ್ ಬಂದು ಪಕ್ಕದಲ್ಲಿ ನಿಂತದ್ದು ಆಗಲೇ. ತಿದ್ದಿದ ಕೊಂಬಿನ ಅಂಚು ಅಲೆಅಲೆಯಾಗಿತ್ತು. ಆದರೆ ಎಲ್ಲಿ ತಿರುಗಬೇಕೋ ಅಲ್ಲೇ ತಿರುಗಿತ್ತು.

"ಯಾವಾಗಿಂದ ಅಪಾ?" ಎಂದು ಮೆಲ್ಲನೆ ಕೇಳಿದಳು.

"ನಿನ್ನೆಯಿಂದ. ಬಸ್ಸು ಕುಲುಕಾಟ."

"ಅಪಾ."

"ಎರಡು ಚಳಿಗಾಲ ಆಯ್ತು."

ಗುಲ್ಜಾನ್ ಇನ್ನಷ್ಟು ಹತ್ತಿರ ಸರಿದಳು. "ನಿಮ್ಮ ಮಗನಿಗೆ ಹೇಳ್ಬೇಕು. ಡಾಕ್ಟರಿಗೆ ತೋರಿಸ್ಬೇಕು."

"ತೋರಿಸೋಣ. ಡಾಕ್ಟರು ಎಲ್ಲೂ ಓಡಿಹೋಗಲ್ಲ. ಬುರ್ಮಾಕನ್ ಮಗಳ ಮದುವೆ ಓಡಿಬರ್ತಿದೆ." ಕಾಲಿಪಾ ಮರಳಿನಿಂದ ಕಣ್ಣು ತೆಗೆಯಲಿಲ್ಲ. "ಎರಡು ಹಾಳೆ ನನ್ನ ಮನೇಲಿ ಬಿದ್ದಿವೆ. ಕುಯ್ದ್ರೆ ಅವಳ ಚಳಿಗಾಲ ಹಾಳು. ಕುಯ್ಯಲ್ಲ ಅಂದ್ರೆ ನಾನು ಹಾಳು. ಎಲ್ಲಿ, ನಿನ್ನ ಕೈ ಕೊಡು."

ಸೊಸೆಯ ಕೈಯನ್ನು ಕೊಳ್ಳುವ ಕುರಿಯ ಬಾಯಿ ನೋಡುವಂತೆ ತಿರುಗಿಸಿ ನೋಡಿದಳು. ತೋರುಬೆರಳಿನ ಉಗುರಿನ ಮೇಲೆ ಅಕ್ಕಿಕಾಳಿನಷ್ಟು ಟಗರುಕೊಂಬು. ಎಳೆ ಎಲ್ಲೂ ಮುರಿದಿರಲಿಲ್ಲ.

"ಗೊರಸಿಗೆ ಬಣ್ಣ ಬಳಿಯೋಳು ಅಂದಿದ್ರಿ," ಎಂದಳು ಗುಲ್ಜಾನ್.

"ಅಂದಿದ್ದೆ. ಈಗಲೂ ಅಂತೀನಿ. ಗೊರಸಿನ ಮಾತು ಬೇರೆ, ಕೈ ಮಾತು ಬೇರೆ."

"ಬರೆದೋರೇ ಕುಯ್ಯಬೇಕಲ್ವಾ? ಇಬ್ಬರು ತಾಯಂದಿರಾಗ್ತಾರೆ ಅಂತೀರಿ."

ಕಾಲಿಪಾ ತಗಡಿನ ಅಂಚನ್ನು ಉಗುರಿನಿಂದ ಒಮ್ಮೆ ಮೀಟಿದಳು. ಮರಳು ಅಲುಗಿತು.

"ನಲವತ್ತು ವರ್ಷ ಹೇಳ್ತಾ ಬಂದೆ, ನನ್ನ ಕೈಯಲ್ಲ ನನ್ನ ಕೈಯಲ್ಲ ಅಂತ," ಎಂದಳು. "ನನ್ನದಲ್ಲ ಅಂದ ಮೇಲೆ ಅದು ನನ್ನ ತೋಳಲ್ಲೇ ಇರಬೇಕು ಅಂತ ಎಲ್ಲಿದೆ? ಇವತ್ತು ನಿನ್ನ ತೋಳಿಗೆ ಹೋಗಿದ್ರೆ ಆ ತಾಯಿನ ನಾನು ಕೇಳೋಕಾಗತ್ತಾ?"

ಮುಂದಿನ ಶನಿವಾರ ಗುಲ್ಜಾನ್ ಅಂಗಡಿಗೆ ರಜೆ ಹಾಕಿ ಅತ್ತೆಯೊಡನೆ ಹಳ್ಳಿಗೆ ಬಂದಳು. ಅಷ್ಟರಲ್ಲಿ ಫೋಟೋ ಮನೆಮನೆ ತಿರುಗಿತ್ತು. ನಡುಗುವ ಕೈ ಕಂಡದ್ದೇ ಬುರ್ಮಾಕನ್ ಹೊಸಿಲಲ್ಲೇ ಶುರುಮಾಡಿದಳು: "ಆ ದರಿದ್ರ ಗೋಳಕ್ಕೆ ಯಾಕಕ್ಕಾ ಕೈ ಕೊಟ್ಟೆ?"

"ಗೋಳಾನ ಬೈಬೇಡ. ನಿನ್ನ ಉಣ್ಣೆ ಬರೋ ಮೊದಲೇ ನಡುಗ್ತಿತ್ತು. ಹೇಳಲಿಲ್ಲ, ತಪ್ಪು ನಂದು. ನಾನು ಬರೀತೀನಿ, ಇವಳು ಕುಯ್ತಾಳೆ. ಬೇಡ ಅಂದ್ರೆ ಈಗ್ಲೇ ಹೊತ್ಕೊಂಡು ಹೋಗು."

ಬುರ್ಮಾಕನ್ ಗುಲ್ಜಾನ್‌ಳ ಬಣ್ಣದ ಉಗುರುಗಳನ್ನು ನೋಡಿದಳು. ಹಾಳೆಗಳನ್ನು ಹೊರಲಿಲ್ಲ, ಒಪ್ಪಿದೆ ಎಂದೂ ಹೇಳಲಿಲ್ಲ. ಚಹಾದ ಪಾತ್ರೆಯ ಪಕ್ಕ ಕೂತಳು. ಆ ದಿನ ಅವಳು ಅಲ್ಲಿಂದ ಏಳಲೇ ಇಲ್ಲ.

ಕಾಲಿಪಾ ಮಂಡಿಯೂರಿ ಬರೆದಳು. ಗೆರೆ ನಡುಗಿತು, ದಾರಿ ತಪ್ಪಲಿಲ್ಲ. ಗುಲ್ಜಾನ್ ಉಮಾಯ್ ತಾಯಿಯ ಮಾತನ್ನು ತಪ್ಪಿಲ್ಲದೆ ಹೇಳಿ, ಆ ಗೆರೆಯ ಅಲೆಯ ನಡುವೆ ಹಾಯ್ದು ಕೊಯ್ದಳು. ಕಾಲಿಪಾಳ ಕೈ ಮಡಿಲಲ್ಲಿತ್ತು, ಬಾಯಿ ಚಾಕುವಿನ ಜೊತೆಗಿತ್ತು: "ಈಗ ಒತ್ತು. ಸಾಕು. ಚಾಕು ತಿರುಗಿಸ್ಬೇಡ, ನೀನೇ ತಿರುಗು." ಉಗುರಿನ ಮೇಲೆ ಬಣ್ಣ ಎಳೆದ ಕೈಗೆ ಎರಡು ಪದರ ಉಣ್ಣೆಯ ಮೊಂಡುತನ ಹೊಸದು. ಹನ್ನೊಂದನೆಯ ಕೊಂಬಿನಲ್ಲಿ ಚಾಕು ಅರ್ಧ ಬೆರಳು ಜಾರಿತು. ಬುರ್ಮಾಕನ್ ಕೂತಲ್ಲಿಂದಲೇ ಬಗ್ಗಿ ನೋಡಿ, ಬಹಳ ಹೊತ್ತಿನ ಮೇಲೆ, "ಆ ಮೂಲೆ ಬಳುವಳಿ ಪೆಟ್ಟಿಗೆ ಅಡಿ ಹೋಗತ್ತೆ ಬಿಡು," ಎಂದಳು.

ಈಗ ಹಾಸುಗಳು ಹೊಲಿಗೆಯಾಗಿ ಮದುಮಗಳ ಜೊತೆ ಹೋಗಿವೆ; ಹನ್ನೊಂದನೆಯ ಕೊಂಬು ಎರಡರಲ್ಲೂ ದಪ್ಪವಾಗಿದೆ. ಕಾಲಿಪಾ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಾಳೆ. ನಡುಕ ಸ್ವಲ್ಪ ತಗ್ಗಿದೆ, ಹೋಗಿಲ್ಲ. ಅವಳು ಬರೆಯುತ್ತಾಳೆ, ಕೊಯ್ಯುವುದಿಲ್ಲ. ಗುಲ್ಜಾನ್ ತಿಂಗಳಿಗೊಂದು ಶನಿವಾರ ಬರುತ್ತಾಳೆ. ಮೂರು ಮನೆಯವರು ಇಬ್ಬರು ತಾಯಂದಿರ ಹಾಸು ಬೇಡವೆಂದು ಬೇರೆ ಊರಿಗೆ ಹೋಗಿದ್ದಾರೆ, ಐದು ಮನೆಯವರು ಕಾಯುತ್ತಿದ್ದಾರೆ. ಚಹಾವನ್ನು ಕಾಲಿಪಾ ಈಗ ಎಲ್ಲರಂತೆ ಅರ್ಧ ಬಟ್ಟಲು ಸುರಿಸಿಕೊಳ್ಳುತ್ತಾಳೆ, ಒಂದಿಷ್ಟು ತುಳುಕುತ್ತದೆ.