ಆಡಿನ ಹಾಲು ಕುಡಿದು ಬೆಳೆದವನು

ನಮ್ಮೂರಲ್ಲಿ ಯಾವ್ಯಾವ ಮಂದಿ ಇದ್ದಾರೆ ಎಂದು ಯಾರಾದರೂ ಕೇಳಿದರೆ ನನಗೆ ಬಿಪಿ ಏರುತ್ತದೆ. ಬಿಪಿ ಏರಲು ನನಗೆ ಇಷ್ಟು ದೊಡ್ಡ ಕಾರಣವೇನೂ ಬೇಕಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಕೊಟ್ಟೂರಿನ ಅರ್ಧ ದಾರಿಯಿಂದ ಬೈಕು ತಿರುಗಿಸಿಕೊಂಡು ಮನೆಗೆ ಬಂದವನು ನಾನು. ಬಂದು ನೋಡಿದರೆ ಬಂದ್ ಆಗಿಯೇ ಇರುತ್ತದೆ. ಮತ್ತೆ ಹೊರಟರೆ ಬಾಗಿಲ ಚಿಲಕದ ಚಿಂತೆ.

ಆದರೂ ಹೇಳುತ್ತೇನೆ. ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಕಡೆಯ ಸಣ್ಣ ಊರು ನಮ್ಮದು. ಊರ ತುಂಬ ನಾಯಕ ಜಾತಿಯವರು; ಹೊಲ, ಕುರಿ, ಪಂಚಾಯ್ತಿ, ಜಗಳ ಎಲ್ಲದರಲ್ಲೂ ಅವರೇ ಹೆಚ್ಚು. ಕೆರೆಯ ಆಚೆ ಮಾದಿಗರ ಕೇರಿ. ಗುಡ್ಡದ ಮಗ್ಗುಲಿಗೆ ಲಂಬಾಣಿ ತಾಂಡಾ. ಅಲ್ಲಿನ ಹೆಂಗಸರು ದಾರಿಯಲ್ಲಿ ಸಿಕ್ಕರೆ ತಮ್ಮ ಮಾತಿನಲ್ಲಿ ಏನೋ ಅಂದುಕೊಂಡು ನಗುತ್ತಾರೆ. ನನ್ನ ಬಗ್ಗೆಯೇ ಎಂದು ನನಗೆ ಖಾತ್ರಿ. ಲಿಂಗಾಯತರ ಮನೆಗಳು ಅಷ್ಟಿಷ್ಟು. ಅದರಲ್ಲಿ ಅಯ್ಯನವರ ಮನೆ, ಅಂದರೆ ಜಂಗಮರ ಮನೆ, ನಮ್ಮದೊಂದೇ. ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡು ಪಿಂಜಾರರ ಮನೆ. ಅರಳೆ ಹಿಂಜಿ ಗಾದಿ ಹೊಲಿಯುವ ಆ ಮನೆಯೂ ಊರಿಗೆ ಒಂದೇ. ಅವರ ನಮಾಜು ಅರಬ್ಬಿಯಲ್ಲಿ, ಜಗಳ ಮಾತ್ರ ನಮ್ಮ ಹಾಗೆ ಅಚ್ಚ ಕನ್ನಡದಲ್ಲಿ. ಆ ಮನೆಯ ಹೆಂಗಸನ್ನು ನಾನು ಬೂಬವ್ವ ಎನ್ನುತ್ತಿದ್ದೆ.

ನಾನು ಹುಟ್ಟಿದಾಗ ಅವ್ವನಿಗೆ ಬಾಣಂತಿ ಜ್ವರ ಬಂದು ಹಾಲು ಬತ್ತಿತು. ಬೂಬವ್ವನ ಮಡಿಲಲ್ಲಿ ಆಗ ಹೆಣ್ಣು ಕೂಸಿತ್ತು. ಸಂತೆಯಿಂದ ತಂದ ಬದನೆಕಾಯಿಗೂ ನೀರು ಚಿಮುಕಿಸಿಯೇ ಒಳಗೆ ಬಿಡುತ್ತಿದ್ದ ನಮ್ಮಜ್ಜಿ, ಹಿತ್ತಲ ಕಡೆಯಿಂದ ಕರುವಿನ ಕೊಟ್ಟಿಗೆಯ ಬಾಗಿಲು ತೆರೆದು ಆಕೆಯನ್ನು ಕರೆದಳು. ಇದನ್ನು ನನಗೆ ಹೇಳಿದವಳು ಬೂಬವ್ವನೇ. ನಾನಾಗ ಹೈಸ್ಕೂಲು. ಗಾದಿಗೆ ಅರಳೆ ತುಂಬುತ್ತ, ಮೂಗಿನ ತುದಿಗೆ ಅಂಟಿದ್ದ ಅರಳೆಯನ್ನೂ ಒರೆಸಿಕೊಳ್ಳದೆ ಹೇಳಿದ್ದಳು:

"ಲೇ ಅಯ್ಯಾ, ನಿಮ್ಮಜ್ಜಿ ದಿನಾ ನನ್ನ ಹಣಿಗೆ ಇಬತ್ತಿ ಹಚ್ಚಿ ಒಳಗ ಬಿಡ್ತಿದ್ಲು. ನಾನು ಬಿಸ್ಮಿಲ್ಲಾ ಅಂತ ನಿನ್ನ ಬಾಯಿಗೆ ಮೊಲಿ ಕೊಡ್ತಿದ್ದೆ. ನಿನಗ ಯಾ ದೇವ್ರೂ ಹತ್ತಲಿಲ್ಲ, ಬರೇ ಅಂಜಿಕಿ ಒಂದು ಹತ್ತಿತು ನೋಡು."

ಆಮೇಲೆ ದನಿ ಇಳಿಸಿ, "ನಿಮ್ಮವ್ವನ ಮುಂದ ಅನ್ನಬ್ಯಾಡ" ಎಂದಿದ್ದಳು.

ಅನ್ನುವ ಹಾಗೂ ಇರಲಿಲ್ಲ. ನಮ್ಮ ಮನೆಯ ಲೆಕ್ಕದಲ್ಲಿ ನಾನು ಆಡಿನ ಹಾಲು ಕುಡಿದು ಬೆಳೆದವನು. ಬಂದ ನೆಂಟರಿಗೆ, ಹೋದ ಭಕ್ತರಿಗೆ, ನನ್ನನ್ನು ನೋಡಲು ಬಂದ ಬೀಗರಿಗೆ ಅವ್ವ ಅದನ್ನೇ ಹೇಳಿದ್ದಳು. ಆಡಿನ ಹಾಲು ಕುಡಿದವನು ಗುಡ್ಡ ಹತ್ತಬೇಕು. ನಾನು ಅಟ್ಟ ಹತ್ತಿದರೂ ತಲೆ ತಿರುಗಿ ಕೆಳಗಿನವರನ್ನು ಕೂಗುತ್ತೇನೆ. ಓಣಿಗೆ ಗುಮಾನಿ ಇರಲಿಲ್ಲ ಎಂದಲ್ಲ. ಅಯ್ಯನವರ ಮನೆ ಮಾತು ಎಂದು ಎಲ್ಲರೂ ಆಡಿನ ಹಾಲನ್ನೇ ಒಪ್ಪಿಕೊಂಡಿದ್ದರು.

ಬೂಬವ್ವನಿಗೆ ಗಂಡು ಮಕ್ಕಳಾಗಲಿಲ್ಲ. ನನ್ನ ಜೊತೆ ಹಾಲು ಹಂಚಿಕೊಂಡ ಆ ಒಬ್ಬಳೇ ಮಗಳು. ನನಗಿಂತ ತುಸು ದೊಡ್ಡವಳು, ಅಕ್ಕ ಎನ್ನುತ್ತೇನೆ, ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದಾರೆ. ತನ್ನ ಗಂಡ ತೀರಿಕೊಂಡ ಮೇಲೆ ಬೂಬವ್ವ ಒಂದು ಮಾತು ಶುರು ಮಾಡಿದಳು.

"ನೋಡು, ಹಾಲು ಕುಡದ ಮ್ಯಾಲೆ ನಮ್ಮ ಪೈಕಿ ನೀನು ನನಗ ಮಗ. ಕಾಯ್ದೆ ಐತಿ. ಸತ್ತಾಗ ಬ್ಯಾರೆ ಗಂಡಸರಿಗೆ ನನ್ನ ಮುಖ ತೋರಸಂಗಿಲ್ಲ, ನಿನಗ ತೋರಸಬೇಕು. ಗುಂಡಿಯಾಗ ಇಳದು ನೀನ ನನ್ನ ಇಳಸಬೇಕು. ಆತಿಲ್ಲೋ?"

ಅಂದಿನಿಂದ ನನಗೆ ಹೊಸ ಚಿಂತೆ. ನನ್ನ ಸೊಂಟ ಮೊದಲೇ ಹಿಡಿದುಕೊಂಡದ್ದು. ಗುಂಡಿಯಲ್ಲಿ ಬಗ್ಗಿದವನು ಏಳಲಾಗದಿದ್ದರೆ? ಶುಗರ್ ಇಳಿದು ಅಲ್ಲಿಯೇ ಬಿದ್ದರೆ? ಒಮ್ಮೆ ಕೇಳಿಯೂಬಿಟ್ಟೆ. "ಬೂಬವ್ವ, ನಾನೂ ಅದರಾಗ ಬಿದ್ದು ಹೋದ್ರ?"

"ಬಿದ್ರ ಎಳಕೊಂತಾರ ತಗಿಯೋ. ನಿಮ್ಮನ್ನ ಕುಂದ್ರಿಸಿ ಹೂಳ್ತಾರ, ನಮ್ಮನ್ನ ಮಲಗಿಸಿ. ಇಬ್ರಿಗೂ ಒಂದ ಗುಂಡಿ ಹೊಂದಂಗಿಲ್ಲ" ಎಂದು ಕೆಮ್ಮು ಬರುವವರೆಗೆ ನಕ್ಕಳು.

ಈ ವರ್ಷ ಬೇಸಿಗೆಯಲ್ಲಿ ಹೋದಳು. ನಾನು ಹಿಂದಿನ ದಿನವೇ ಕೆಲಸದ ಮೇಲೆ ಹರಪನಹಳ್ಳಿಗೆ ಹೋಗಿದ್ದೆ. ಬೆಳಿಗ್ಗೆ ಅಕ್ಕನ ಫೋನು. "ಲೇ ತಮ್ಮಾ, ಅವ್ವ ಹೋದ್ಲೋ. ಲಗೂ ಬಾ." ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೊಂಟ ಮುಟ್ಟಿ ನೋಡಿಕೊಂಡೆ. ಅಳುವುದನ್ನು ಬಿಟ್ಟು ಅದನ್ನೇ ಮಾಡಿದೆ.

ಮನೆ ಮುಂದೆ ಊರೇ ಸೇರಿತ್ತು. ಮೈ ತೊಳೆದು ಬಿಳಿ ಬಟ್ಟೆ ಉಡಿಸಿಯಾಗಿತ್ತು. ಒಳಗೆ ಹತ್ತಿರದವರಿಗೆ ಕೊನೆಯ ಸಲ ಮುಖ ತೋರಿಸುತ್ತಿದ್ದರು. ಕೂಡ್ಲಿಗಿಯ ಮಸೀದಿಯಿಂದ ಬಂದಿದ್ದ ಹಜರತ್ತರು ಬಾಗಿಲ ಹತ್ತಿರ ನಿಂತಿದ್ದರು. ಅಕ್ಕ ಒಳಗಿನಿಂದಲೇ ಕೂಗಿದಳು: "ನನ್ನ ತಮ್ಮನ್ನ ಬಿಡ್ರಿ. ಆಂವ ನಮ್ಮವ್ವನ ಹಾಲು ಕುಡದಾನ."

ಕಟ್ಟೆಯ ಮೇಲೆ ಕುಳಿತಿದ್ದ ನಾಯಕರ ಹಿರಿಯನೊಬ್ಬ ಎದ್ದು ನಿಂತ. ನಮ್ಮ ಮನೆತನದ ಮೇಲೆ ಭಕ್ತಿ ಇದ್ದ ಮನುಷ್ಯ. ದುಃಖದಲ್ಲಿ ಹೆಣ್ಣುಮಗಳು ಏನೋ ಅಂದುಬಿಟ್ಟಳು, ಅಯ್ಯನವರ ಮಾನ ಉಳಿಸಬೇಕು ಎಂದುಕೊಂಡನೋ ಏನೋ. "ಏ, ಎಲ್ಲೀದವ್ವ! ನಮ್ಮ ಅಯ್ಯನೋರು ಆಡಿನ ಹಾಲಿನ ಮ್ಯಾಲೆ ಬೆಳದಾರ. ಅವರವ್ವನ ಹೇಳ್ಯಾಳ, ಊರಿಗೆಲ್ಲ ಗೊತ್ತೈತಿ" ಎಂದ. ನಾಲ್ಕು ಮಂದಿ ಹೌದೌದು ಎಂದರು. ನನಗೆ ಉಪಕಾರ ಮಾಡುತ್ತಿದ್ದೇವೆ ಎಂಬ ಸಮಾಧಾನ ಅವರೆಲ್ಲರ ಮುಖದಲ್ಲಿತ್ತು.

ಹಜರತ್ತರು ಮೆತ್ತಗೆ ಕೇಳಿದರು. "ಯಾವುದು ಖರೇರಿ? ಕುಡದಿದ್ರ ನೀವ ಮಗ. ಮೊದಲು ನೀವ ಇಳೀಬೇಕು, ಬ್ಯಾಡ ಅನ್ನೋ ಹಕ್ಕು ನನಗೂ ಇಲ್ಲ. ಕುಡದಿಲ್ಲಂದ್ರ ಹೋದೋರ ಮರ್ಯಾದಿ ಪ್ರಶ್ನಿ. ಕಣ್ಣಿಲೆ ಕಂಡೋರು ಯಾರಾದ್ರೂ ಒಬ್ರು ಹೂಂ ಅನ್ಲಿ, ಸಾಕು."

ಕಣ್ಣಿನಿಂದ ಕಂಡವರಲ್ಲಿ ಅಜ್ಜಿ ಎಂದೋ ಹೋಗಿದ್ದಳು. ಬೂಬವ್ವ ಒಳಗೆ ಮಲಗಿದ್ದಳು. ಉಳಿದವಳು ಅವ್ವ.

ಮನೆಗೆ ಓಡಿದೆ. ಅವ್ವ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಪಕ್ಕದ ಮನೆಯಲ್ಲಿ ಹೆಣವಿರುವಾಗ ಯಾರೂ ಶೇಂಗಾ ಸುಲಿಯುವುದಿಲ್ಲ ಎಂಬುದು ನನಗೆ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

"ಅವ್ವ, ಎದ್ದು ಬಾ. ಹಜರತ್ತರ ಮುಂದ ಒಂದ ಮಾತು ಹೂಂ ಅನ್ನು."

"ಏನಂತ?"

"ಬೂಬವ್ವ ನನಗ ಹಾಲು ಕುಡಿಸ್ಯಾಳ ಅಂತ."

ಅವ್ವ ತಲೆ ಎತ್ತಲಿಲ್ಲ. "ಆಡಿನ ಹಾಲು" ಎಂದಳು.

"ಅವ್ವ, ಇನ್ನೇನು ಎತ್ತತಾರ."

"ಆಡಿನ ಹಾಲೋ. ಎಷ್ಟ ಸಲ ಹೇಳ್ಬೇಕು ನಿನಗ."

"ನಿನ್ನ ಜಾತಿ ನೀನ ಇಟಗೊಂಡು ಕುಂದ್ರು" ಎಂದು ಕಿರುಚಿ ಹೊರಗೆ ಬಂದೆ. ಹಾಗೆ ಅವಳ ಮೇಲೆ ಕಿರುಚಿದ್ದು ಅದೇ ಮೊದಲು.

ನಾನು ಒಬ್ಬನೇ ಬಂದದ್ದನ್ನು ನೋಡಿ ಹಜರತ್ತರು ತಲೆ ತಗ್ಗಿಸಿದರು. ಒಳಗೆ ಬೂಬವ್ವನ ಮುಖ ಮುಚ್ಚಿದರು.

ಜನಾಜಾ ಎತ್ತಿದಾಗ ಹೆಗಲು ಕೊಡಲು ಯಾರಿಗೂ ಅಡ್ಡಿ ಇರಲಿಲ್ಲ. ಪಿಂಜಾರರು ಇದ್ದದ್ದೇ ಬೆರಳೆಣಿಕೆ, ಹಾಗಾಗಿ ಊರೇ ಹೊತ್ತಿತು. ನಾಯಕರು ಹೊತ್ತರು, ಕೇರಿಯವರು ಹೊತ್ತರು, ತಾಂಡಾದವರು ಹೊತ್ತರು. ಯಾರ ಮನೆಯ ಗಾದಿಯನ್ನು ಆಕೆ ಹೊಲಿದಿರಲಿಲ್ಲ? ನಮ್ಮೂರಲ್ಲಿ ಯಾವ್ಯಾವ ಮಂದಿ ಇದ್ದಾರೆ ಎಂದು ಕೇಳುವವರು ಅವತ್ತು ಆ ದಾರಿಯಲ್ಲಿ ನಿಂತು ನೋಡಬೇಕಿತ್ತು. ಅವರ ನಡುವೆ ನಾನೂ ಒಂದಿಷ್ಟು ದೂರ ಹೊತ್ತೆ, ಅಯ್ಯನವರ ಮನೆಯವನಾಗಿ. ನನಗೆ ದಾರಿ ಬಿಟ್ಟು ಹೆಗಲು ತೆರವು ಮಾಡಿದರು. ಆ ಮರ್ಯಾದೆಗಿಂತ ದೊಡ್ಡ ಪೆಟ್ಟು ಅವತ್ತು ಇನ್ನೊಂದಿರಲಿಲ್ಲ.

ಗುಂಡಿಗೆ ಅಕ್ಕನ ಗಂಡ ಇಳಿದ. ಎಲ್ಲರ ಹಿಂದೆ ನಿಂತು ಎಲ್ಲರ ಹಾಗೆ ನಾನೂ ಹಿಡಿಮಣ್ಣು ಹಾಕಿದೆ. ಸೊಂಟ ಹಿಡಿಯಲಿಲ್ಲ. ತಲೆ ತಿರುಗಲಿಲ್ಲ. ವರ್ಷಗಟ್ಟಲೆ ಚಿಂತೆ ಮಾಡಿದ್ದರಲ್ಲಿ ಒಂದೂ ಆಗಲಿಲ್ಲ. ಚಿಂತೆ ಮಾಡಲು ಮರೆತದ್ದು ಆಯಿತು.

ಸಂಜೆ ಅವ್ವ ರೊಟ್ಟಿ ತಂದಿಟ್ಟಳು. ನಾನು ಮುಟ್ಟಲಿಲ್ಲ. ತಟ್ಟೆ ಹತ್ತಿರ ಸರಿಸಿ ಕೇಳಿದಳು.

"ಮುಖ ತೋರಿಸಿದ್ರಾ?"

"ಇಲ್ಲ."

ಅವ್ವ ಕಂಬಕ್ಕೆ ಒರಗಿ ಕುಳಿತಳು. "ನಾ ನೋಡೀನಿ" ಎಂದಳು. "ನಸುಕಿನ್ಯಾಗ, ಮೈ ತೊಳಿಯೋಕಿಂತ ಮುಂಚೆ. ಕೊಟ್ಟಿಗಿ ಬಾಗ್ಲಿಂದ ಹೋಗಿದ್ದೆ."

ನಾನು ಅವಳನ್ನೇ ನೋಡಿದೆ.

"ಜಾತಿಗಲ್ಲೋ. ಜಾತಿಗಾಗಿದ್ರ ನಿಮ್ಮಜ್ಜಿನ ಆಕಿನ್ನ ಒಳಗ ಬಿಡ್ತಿದ್ದಿಲ್ಲ. ನಾ ಒಳಗ ಹಾಸಿಗ್ಯಾಗ ಬಿದ್ದಿರ್ತಿದ್ದೆ. ನೀ ಅಳೋದು ಕೇಳಸ್ತಿತ್ತು. ಆಕಿ ಬಂದ ಕೂಡ್ಲೆ ನಿಂತು ಬಿಡ್ತಿತ್ತು. ಹೆತ್ತಾಕಿ ನಾನು, ನಿನ್ನ ಅಳು ನಿಲ್ಲಿಸಾಕಿ ಆಕಿ. ನಿನ್ನ ನಾ ಸಾಕಾಕ ಆಗಲಿಲ್ಲ ಅಂತ ಅಷ್ಟು ಮಂದಿ ಮುಂದ ಬಾಯಿ ಬಿಟ್ಟು ಹೆಂಗ ಹೇಳ್ಲಿ? ಇಷ್ಟು ವರ್ಷ ಆಕೀನೂ ಮಂದಿ ಮುಂದ ಹೇಳಲಿಲ್ಲ, ನನಗಾಗಿ."

ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಡು ಎಂಬ ಪ್ರಾಣಿ ಅವಳಿಗೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ಆಗ ತಿಳಿಯಿತು. ಆಡು ಯಾರ ಮಗನನ್ನೂ ತನ್ನ ಮಗ ಅನ್ನುವುದಿಲ್ಲ.

ಸಿಟ್ಟು ಹೋಯಿತೆಂದು ಹೇಳಲಾರೆ. ಅಷ್ಟು ಒಳ್ಳೆಯವನಲ್ಲ ನಾನು. ಆದರೆ ಕೇಳಬೇಕಾದವಳು ಅವಳೊಬ್ಬಳೇ ಉಳಿದಿದ್ದಳು.

"ಹೆಂಗಿದ್ಲು?"

"ಬಾಯಿ ಚೂರು ತೆರದಿತ್ತು. ಯಾರಿಗೋ ಬಯ್ಯಾಕ ಹತ್ತಿದಂಗ. ನಿನಗ ಇರಬೇಕು." ತನ್ನ ಹಣೆ ಮುಟ್ಟಿಕೊಂಡು, "ಹಣಿ ಮ್ಯಾಲೆ ಒಂದೆಳಿ ಅರಳಿ ಅಂಟಿತ್ತು. ನಾ ತಗದೆ" ಎಂದಳು.

ಈಗ ಅವ್ವ ಯಾರ ಮುಂದೆಯೂ ಆಡಿನ ಹಾಲಿನ ಮಾತು ಎತ್ತುವುದಿಲ್ಲ. ಬೂಬವ್ವನ ಮಾತೂ ಎತ್ತುವುದಿಲ್ಲ. ನಾನೇ ಆಗಾಗ ಊಟಕ್ಕೆ ಕೂತಾಗ ಕೇಳುತ್ತೇನೆ, ಹೆಂಗಿದ್ಲು ಎಂದು. ಎಷ್ಟು ಸಲ ಕೇಳತೀಯೋ ಎಂದು ಬೈದು, ಮತ್ತೆ ಮೊದಲಿನಿಂದ ಹೇಳುತ್ತಾಳೆ. ಬಾಯಿ ಚೂರು ತೆರೆದಿತ್ತು, ಹಣೆಯ ಮೇಲೆ ಒಂದೆಳೆ ಅರಳೆ. ಎಲ್ಲಿ ಯಾವುದಾದರೂ ಒಂದನ್ನು ಮರೆತುಬಿಡುತ್ತಾಳೋ ಎಂದು ನನಗೆ ಪ್ರತಿ ಸಲವೂ ಹೆದರಿಕೆ.